ಗಾಂಧಿ ಬಜಾರಿನಿಂದ ತಂದ ಚಿಪ್ಪು

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಅಷ್ಟು ಹತ್ತಿರದ ಜಾಗಕ್ಕೆ ಬಟ್ಟೆಬರೆ ತುಂಬಿಕೊಂಡು, ಲಾಡ್ಜಿನಲ್ಲಿ ರೂಮು ಹಿಡಿದು, ಶನಿವಾರ ಭಾನುವಾರ ಇದ್ದು ಬಂದೆವು ಅಂದರೆ ಕೇಳಿದವರು ನಗುತ್ತಾರೆ. ಹೋದವರು ನಾನು ಮತ್ತು ನನ್ನ ಅಕ್ಕ.

ಆಸೆ ಅಕ್ಕನದೇ. ಯಾವಾಗಲೋ ಹೂ ಕಟ್ಟುತ್ತಾ ಹೇಳಿದ್ದಳು: "ಗಾಂಧಿ ಬಜಾರ್‌ನ ಒಂದ್ ದಿನಾನೂ ನಿಧಾನಕ್ಕೆ ನೋಡಿಲ್ಲ ಕಣೋ. ಅರ್ಧ ತರಕಾರಿ ತಗೊಳ್ಳೋಷ್ಟರಲ್ಲಿ ಒಲೆ ನೆನಪಾಗತ್ತೆ. ಅಲ್ಲೇ ಎಲ್ಲಾದ್ರೂ ಮಲಗಿ ಎದ್ದು ಬರ್ಬೇಕು ಒಂದ್ಸಲ."

ಒಲೆ ಅಂದರೆ ಬಚ್ಚಲೊಲೆ. ನಮ್ಮದು ಹಳೆಯ ಮನೆ. ಬಚ್ಚಲಲ್ಲಿ ಅಮ್ಮನ ಕಾಲದ ತಾಮ್ರದ ಹಂಡೆ, ಅದರ ಕೆಳಗೆ ಮಣ್ಣಿನ ಒಲೆ. ಮದುವೆಯಾದ ಮರುವರ್ಷವೇ ತವರಿಗೆ ವಾಪಸು ಬಂದ ಅಕ್ಕ ಅಂದಿನಿಂದ ಬೆಳಕು ಹರಿಯುವ ಮುಂಚೆ ಎದ್ದು ತೆಂಗಿನ ಚಿಪ್ಪು, ಗರಿ, ಮರದಂಗಡಿಯ ಚಕ್ಕೆ ಹಾಕಿ ಉರಿ ಮಾಡುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟು ಟೈಲರಿಂಗ್ ಕಲಿಯಲು ಹೋದಾಗ ಮನೆಯಲ್ಲಿ ಎಲ್ಲರೂ ಬೈದರು, ಅವಳೊಬ್ಬಳು ಬೈಯಲಿಲ್ಲ. ನಾನು ಏಳುವ ಹೊತ್ತಿಗೆ ಬಿಸಿನೀರು ಕಾದಿರುತ್ತಿತ್ತು. ಅದು ಹೇಗೆ ಕಾಯುತ್ತದೆ ಎಂದು ನಾನು ಯಾವತ್ತೂ ಯೋಚಿಸಿದವನಲ್ಲ.

ಈಚೆಗೆ ಅವಳಿಗೆ ಕೆಮ್ಮು ಜಾಸ್ತಿಯಾಯಿತು. ಹೊಗೆ ಆಗದು ಅಂದರು ಡಾಕ್ಟರು. ಗೀಸರ್ ಹಾಕಿಸೋಣ ಎಂದು ನನ್ನ ಮಗ ಒಮ್ಮೆ ಕೇಳಿದ್ದಕ್ಕೆ, "ನಾನ್ ಹೋದ್ಮೇಲೆ ಏನ್ ಬೇಕಾದ್ರೂ ಹಾಕಿಸ್ಕೊಳ್ಳಪ್ಪ" ಅಂದಿದ್ದಳು. ಅವಳ ಮಾತಿನ ಧಾಟಿಯೇ ಹಾಗೆ. ಆದರೂ ಆಮೇಲೆ ಯಾರೂ ಕೇಳಲಿಲ್ಲ. ನಾನಂತೂ ಒಂದು ಸಲವೂ ಕೇಳಲಿಲ್ಲ. ದೀಪಾವಳಿ ಹತ್ತಿರ ಬಂದಾಗ ನನ್ನ ಹೆಂಡತಿಯೇ ದಾರಿ ಹುಡುಕಿದಳು. "ಎರಡ್ ದಿನ ಎಲ್ಲಾದ್ರೂ ಕರ್ಕೊಂಡ್ಹೋಗಿ. ಅಷ್ಟರಲ್ಲಿ ಗಾರೆಯವ್ರು, ಪ್ಲಂಬರ್ ಎಲ್ಲ ಮುಗಿಸ್ಬಿಡ್ತಾರೆ. ಕಣ್ಣಾರೆ ನೋಡಿದ್ರೆ ಅತ್ತಿಗೇನೂ ಒಪ್ಕೋತಾರೆ."

ನಾನು ಸರಿ ಅಂದೆ. ಅಕ್ಕನ ಆಸೆಯನ್ನೇ ನೆಪ ಮಾಡಿಕೊಂಡೆ.

ಆಟೋದವನು ನಮ್ಮ ಬ್ಯಾಗು ನೋಡಿ, "ಯಾವೂರಿಂದ ಬಂದ್ರಿ ಅಮ್ಮ?" ಎಂದ.

"ದೂರದಿಂದಪ್ಪ," ಅಂದಳು ಅಕ್ಕ. "ಎರಡು ಸಿಗ್ನಲ್ ದಾಟಿ ಬರ್ಬೇಕು."

ಲಾಡ್ಜಿನ ಕಿಟಕಿ ಬೀದಿಗೆ ತೆರೆಯುತ್ತಿತ್ತು. ಅಕ್ಕ ಕುರ್ಚಿ ಎಳೆದುಕೊಂಡು ಕೂತವಳು ಬಹಳ ಹೊತ್ತು ಏಳಲಿಲ್ಲ. ಸೇವಂತಿಗೆ ರಾಶಿ ಹಾಕುವವರು, ಬಾಳೆಎಲೆ ಒರೆಸಿ ಸುರುಳಿ ಸುತ್ತುವವರು, ಚೌಕಾಸಿ ಮಾಡಿ ಹೋದವರು ಮತ್ತೆ ತಿರುಗಿ ಬರುವುದು, ಎಲ್ಲವನ್ನೂ ನೋಡಿದಳು. "ಆ ಹಸಿರು ಸೀರೆಯವಳು ಮೂರನೇ ಸಲ ಬರ್ತಿದಾಳೆ ನೋಡು. ಈ ಸಲ ತಗೋತಾಳೆ," ಎಂದಳು. ಅವಳು ತಗೊಂಡಳು. ಅಕ್ಕನಿಗೆ ತಾನೇ ಗೆದ್ದಷ್ಟು ಖುಷಿ.

ಸಂಜೆ ಹೋಟೆಲಿನಲ್ಲಿ ದೋಸೆ ತಿಂದೆವು. ಕೈ ತೊಳೆಯಲು ಹಿಂದಕ್ಕೆ ಹೋದ ಅಕ್ಕ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅಡುಗೆಯವನ ಜೊತೆ ಮಾತಾಡುತ್ತಿದ್ದಳು. ಗೋಡೆಯ ಬುಡದಲ್ಲಿ ಚಟ್ನಿಗೆ ತುರಿದು ಬಿಸಾಡಿದ ತೆಂಗಿನ ಚಿಪ್ಪಿನ ಗುಡ್ಡೆ.

"ಇದನ್ನೆಲ್ಲ ಏನ್ ಮಾಡ್ತೀರಪ್ಪ?"

"ಏನ್ ಮಾಡೋದಮ್ಮ, ಕಸದ ಗಾಡಿಗೆ ಹಾಕ್ತೀವಿ."

"ಅಯ್ಯೋ ಪಾಪ," ಎಂದಳು, ಯಾರೋ ತೀರಿಕೊಂಡ ಸುದ್ದಿ ಕೇಳಿದ ಹಾಗೆ. "ಒಂದ್ ಚೀಲ ಇದ್ರೆ ಕೊಡ್ತೀಯಾ? ನೀರು ತುಂಬೋ ಹಬ್ಬ ಬಂತು. ಈ ಸಲ ಚಿಪ್ಪೇ ಸಿಕ್ಕಿರ್ಲಿಲ್ಲ."

ನಾನು ಬೇಡ ಅನ್ನಬೇಕಿತ್ತು. ಚೀಲ ಹೊತ್ತು ಲಾಡ್ಜಿನ ಮೆಟ್ಟಿಲು ಹತ್ತಿದೆ. ಕೌಂಟರಿನಲ್ಲಿದ್ದವನು ಚೀಲ ನೋಡಿದ, ನನ್ನ ಮುಖ ನೋಡಿದ, ಕೀ ಕೊಟ್ಟ. ಅಕ್ಕ ಹಿಂದಿನಿಂದ ಸಮಾಧಾನ ಹೇಳಿದಳು: "ಬೇರೆಯವ್ರು ಟೂರ್ ಹೋದ್ರೆ ಗೊಂಬೆ ತರ್ತಾರೆ. ನಾವು ಚಿಪ್ಪು ತಗೊಂಡ್ಹೋಗೋಣ ಬಿಡು."

ಅವಳು ಮುಖ ತೊಳೆಯುತ್ತಿದ್ದಾಗ ವರಾಂಡಕ್ಕೆ ಬಂದು ಮನೆಗೆ ಫೋನ್ ಮಾಡಿದೆ. ಮಗ ಎತ್ತಿಕೊಂಡ. "ಒಲೆ ಒಡೆದಾಯ್ತಪ್ಪ. ನಾಳೆ ಮಧ್ಯಾಹ್ನ ಗುಜರಿಯವನು ಬಂದು ಹಂಡೆ ತಗೊಂಡ್ಹೋಗ್ತಾನೆ."

"ಹಂಡೆ ಯಾಕೆ ಕೊಡ್ಬೇಕು?" ಅಂದೆ.

"ಇಟ್ಕೊಂಡ್ ಏನ್ ಮಾಡ್ತೀರಾ?"

ಒಳಗೆ ನಲ್ಲಿ ನಿಂತ ಸದ್ದು ಕೇಳಿ ಫೋನ್ ಇಟ್ಟುಬಿಟ್ಟೆ.

ಬೆಳಿಗ್ಗೆ ಅಕ್ಕ ಲಾಡ್ಜಿನ ಗೀಸರ್ ನೀರಲ್ಲಿ ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು. ಮುಖ ಕೆಂಪಗಾಗಿತ್ತು. "ಚೆನ್ನಾಗಿದೆ ಕಣೋ. ಕಣ್ಣು ಉರಿಯಲ್ಲ, ಕೆಮ್ಮಿಲ್ಲ. ಆದ್ರೆ ಬೆನ್ನಿಗೆ ಒಲೆ ಕಾವು ತಾಗಲ್ಲ, ಅದೊಂದೇ." ಸ್ವಲ್ಪ ಹೊತ್ತು ತಲೆ ಒರೆಸಿಕೊಂಡು, "ನಮ್ಮನೇಲೂ ಒಂದು ಹಾಕಿಸ್ಬಹುದೇನೋ. ಹಬ್ಬ ಕಳೀಲಿ, ನೋಡೋಣ," ಎಂದಳು.

ಆ ಮಾತು ಕೇಳಿ ನಾನು ಕಾಫಿ ಲೋಟ ಕೆಳಗಿಟ್ಟೆ. ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದಳು. ನಾವು ಕೇಳಿರಲಿಲ್ಲ.

ದೊಡ್ಡ ಗಣಪತಿಗೆ ಕೈ ಮುಗಿದು, ಬಸವಣ್ಣನನ್ನು ನೋಡಿಕೊಂಡು, ಪಕ್ಕದ ಪಾರ್ಕಿನ ಬಂಡೆಯ ಮೇಲೆ ಕೂತೆವು. ಲಾಡ್ಜು ಖಾಲಿ ಮಾಡಿ ಬಂದಿದ್ದರಿಂದ ಬ್ಯಾಗು, ಚಿಪ್ಪಿನ ಚೀಲ ನಮ್ಮ ಜೊತೆಗೇ ಇದ್ದವು. ಅಕ್ಕ ಕಡಲೆಕಾಯಿ ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದಳು, ನಾನಿನ್ನೂ ಚಡ್ಡಿ ಹಾಕುವ ಹುಡುಗ ಅನ್ನುವಂತೆ. ಬಿಸಿಲು ನೆತ್ತಿಗೆ ಬರುತ್ತಿತ್ತು.

"ಅಕ್ಕ, ಈ ಚೀಲ ಬೇಡ," ಅಂದೆ.

"ಯಾಕೋ, ಭಾರಾನಾ? ಕೊಡು, ನಾನ್ ಹಿಡ್ಕೋತೀನಿ."

"ಭಾರ ಅಲ್ಲ. ಒಲೆ ಇಲ್ಲ ಅಕ್ಕ. ನಿನ್ನೆ ಒಡೆಸಿಬಿಟ್ವಿ. ಅದಕ್ಕೇ ನಿನ್ನ ಕರ್ಕೊಂಡ್ಬಂದಿದ್ದು."

ಅವಳ ಕೈ ಕಡಲೆಕಾಯಿಯ ಮೇಲೆ ನಿಂತಿತು. "ಹಂಡೆ?" ಎಂದಳು.

ಫೋನ್ ಮಾಡಿದೆ. ಗುಜರಿಯವನು ಬಂದು ಹಂಡೆಯನ್ನು ಗಾಡಿಗೆ ಏರಿಸುತ್ತಿದ್ದ. "ಇಳಿಸು ಅನ್ನು," ಎಂದೆ. "ಮಾತಾಡಿ ಆಗಿದೆಯಲ್ಲಪ್ಪ," ಎಂದ ಮಗ. "ನಿಮ್ಮತ್ತೆ ಪಕ್ಕದಲ್ಲೇ ಇದಾಳೆ, ಇಳಿಸು," ಎಂದೆ.

ಮನೆಯವರೆಗೂ ಆಟೋದಲ್ಲಿ ಅಕ್ಕ ಚಿಪ್ಪಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹಂಡೆ ಬಾಗಿಲ ಪಕ್ಕ ಮಗುಚಿ ಬಿದ್ದಿತ್ತು, ಮಸಿ ಹಿಡಿದ ತಳ ಮೇಲೆ ಮಾಡಿಕೊಂಡು. ಅವಳು ಸೆರಗು ಸಿಕ್ಕಿಸಿ ಅದನ್ನು ನೆಟ್ಟಗೆ ನಿಲ್ಲಿಸಿದಳು, ಒಂದು ಬಿಂದಿಗೆ ನೀರು ತಂದು ಸುರಿದಳು. ನಮ್ಮ ಮನೆಯಲ್ಲಿ ಹಂಡೆಯನ್ನು ಬರಿದಾಗಿ ಬಿಡುವ ಪದ್ಧತಿಯಿಲ್ಲ. ಕೊನೆಯಲ್ಲಿ ಮಿಂದವರು ಒಂದು ಚೊಂಬಾದರೂ ನೀರು ಉಳಿಸಬೇಕು.

"ನಂಗೆ ಹೇಳಿದ್ರೆ ನಾನೇ ತೊಳೆದು, ಅರಿಶಿನ ಕುಂಕುಮ ಇಟ್ಟು, ಕೈ ಮುಗಿದು ಇಳಿಸ್ತಿದ್ದೆ," ಎಂದಳು. "ಕಳ್ಳರ ಹಾಗೆ ಯಾಕೋ ಮಾಡಿದ್ರಿ?"

ನನ್ನ ಹೆಂಡತಿ ಒಳಗೆ ಹೋದಳು.

ನೀರು ತುಂಬುವ ಹಬ್ಬದ ಸಂಜೆ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಹಂಡೆ ಕೂರಿಸಿದೆ. ಅಕ್ಕ ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಸೇವಂತಿಗೆ ಕಟ್ಟಿ ನೀರು ತುಂಬಿದಳು. ಮರುದಿನ ನಸುಕಿನಲ್ಲಿ ಗಾಂಧಿ ಬಜಾರಿನ ಚಿಪ್ಪು ಹಾಕಿ ಉರಿ ಹಚ್ಚಿದವನು ನಾನು. ಹುಟ್ಟಿದ ಮೇಲೆ ಮೊದಲ ಸಲ. ಹೊಗೆಗೆ ಕಣ್ಣು, ಮೂಗು ಸುರಿಯತೊಡಗಿದವು. ಅಕ್ಕ ಹೊಗೆ ತಾಗದಷ್ಟು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಚಿಪ್ಪು ಬೋರಲಾಗಿ ಹಾಕ್ಬೇಡ್ವೋ, ಗಾಳಿ ಆಡ್ಲಿ. ಹೂಂ, ಈಗ ಊದು," ಎನ್ನುತ್ತಿದ್ದಳು.

ಈಗ ದಿನಾ ಗೀಸರ್ ನೀರೇ. ಅಕ್ಕನ ಕೆಮ್ಮು ಕಡಿಮೆಯಾಗಿದೆ. ಹಂಡೆ ಹಿತ್ತಲಲ್ಲೇ ಇದೆ, ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು.

ಮೊನ್ನೆ ಧೈರ್ಯ ಮಾಡಿ, "ಈ ಸಲ ಮಲ್ಲೇಶ್ವರಕ್ಕೆ ಹೋಗಿ ಎರಡ್ ದಿನ ಇದ್ದು ಬರೋಣ್ವಾ ಅಕ್ಕ?" ಎಂದು ಕೇಳಿದೆ.

"ಹೋಗೋಣ," ಎಂದಳು ಹೂ ಕಟ್ಟುತ್ತಾ, ತಲೆ ಎತ್ತದೆ. "ಮನೇಲಿ ಏನ್ ಒಡೀತೀರಿ ಅಂತ ಮೊದ್ಲು ಹೇಳ್ಬಿಡು."