‘ತಕರಾರು’ ಮುಚ್ಚಲು ಎರಡು ಕೈ

ನಮ್ಮ ದೊಡ್ಡಮ್ಮ ಮೂವತ್ತು ವರ್ಷದಿಂದ ‘ತಕರಾರು’ ಎಂಬ ಪತ್ರಿಕೆ ಹೊರಡಿಸುತ್ತಿದ್ದಾಳೆ ಅಂದರೆ ದೊಡ್ಡ ಆಫೀಸು, ಕಾರು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಇರುವ ಒಂದೇ ಕೋಣೆಯಲ್ಲಿ ಕೈಯಿಂದ ತಿರುಗಿಸಿ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ. ಮಿಕ್ಕ ಸಂದಿಯಲ್ಲಿ ಅವಳ ಹಾಸಿಗೆ. ದಿಂಬಿಗೂ ಶಾಯಿ ವಾಸನೆ.

ಶುರುವಾದಾಗ ಐದು ಜನ ಗೆಳೆಯರು. ಕಾಲೇಜು, ಮದುವೆ, ಮಾಲೀಕರು, ಪೊಲೀಸರು, ಯಾವುದನ್ನೂ ಯಾರನ್ನೂ ಟೀಕಿಸದೆ ಬಿಡುತ್ತಿರಲಿಲ್ಲ. ಸಂಪಾದಕ ಅಂತ ಯಾರೂ ಇರಲಿಲ್ಲ, ಯಾಕೆಂದರೆ ಅವನೂ ಒಬ್ಬ ಯಜಮಾನನೇ. ಯಾವ ತೀರ್ಮಾನಕ್ಕೂ ಎಲ್ಲರೂ ಕೈ ಎತ್ತಬೇಕು. ಒಂದು ಸಲ ಸುಸ್ತಾಗಿ ನಾಲ್ವರು ಗಂಡಸರು ಪತ್ರಿಕೆ ಮುಚ್ಚೋಣ ಎಂದು ಕೈ ಎತ್ತಿದರು. ದೊಡ್ಡಮ್ಮ ಎತ್ತಲಿಲ್ಲ. ಪತ್ರಿಕೆ ಉಳಿಯಿತು.

ಆಮೇಲೆ ಇಬ್ಬರು ತೀರಿಕೊಂಡರು, ಒಬ್ಬ ಬಿಟ್ಟು ಹೋದ. ಉಳಿದದ್ದು ದೊಡ್ಡಮ್ಮ ಮತ್ತು ಎಲ್ಲರೂ ‘ಗಡ್ಡ’ ಅಂತ ಕರೆಯುವ ಗೆಳೆಯ. ಗಡ್ಡನಿಗೆ ಈಗ ಗಡ್ಡವಿಲ್ಲ, ಜಾಹೀರಾತು ಕಂಪನಿ ಇದೆ.

ದೊಡ್ಡಮ್ಮನ ಬಲಭುಜ ಹಿಡಿದುಕೊಂಡಿದೆ. ಇನ್ನೂ ಯಂತ್ರ ತಿರುಗಿಸಿದರೆ ತೋಳೇ ಕೈಕೊಡುತ್ತದೆ ಎಂದರು ಡಾಕ್ಟರು. ಹೋದ ವಾರ ನನ್ನನ್ನೂ ಕರೆದುಕೊಂಡು ಗಡ್ಡನ ಆಫೀಸಿಗೆ ಹೋದಳು. ಗೋಡೆಯ ಮೇಲೆ ‘ತಕರಾರು’ ಪತ್ರಿಕೆಯ ಮೊದಲ ಸಂಚಿಕೆ, ಗಾಜು ಹಾಕಿಸಿ.

“ಮುಚ್ಚೋಣ ಕಣೋ,” ಎಂದು ಎಡಗೈಯಿಂದ ಬಲಗೈ ಹಿಡಿದು ಎತ್ತಿದಳು.

“ಎಡಗೈ ಎತ್ತಿದ್ರೂ ನಡೀತಿತ್ತಲ್ಲೇ.”

“ಇದು ಎಷ್ಟು ಏಳುತ್ತೆ ಅಂತ ನಿನಗೂ ಕಾಣ್ಲಿ ಅಂತ.”

“ಮುಚ್ಚೋದು ಬೇಡ, ‘ತಕರಾರು’ ನಮ್ಮ ಹರೆಯದ ಗುರುತು ಕಣೇ. ಇನ್ನೂ ಬರ್ತಿದೆ ಅಂತ ಬಂದೋರಿಗೆಲ್ಲ ಹೇಳ್ಕೋತೀನಿ.”

“ಹೋದ ತಿಂಗಳಿಂದು ಓದಿದ್ಯಾ?”

“ಪುರುಸೊತ್ತೆಲ್ಲಿ?”

“ಹಾಗಾದ್ರೆ ಬಂದು ನೀನೇ ತಿರುಗಿಸು.”

“ನನಗೆ ಬೆನ್ನುನೋವು. ಆದ್ರೆ ಮುಚ್ಚೋಕೆ ಕೈ ಎತ್ತು ಅಂತ ಮಾತ್ರ ಹೇಳ್ಬೇಡ.”

ಬಸ್ಸಿನಲ್ಲಿ ನಾನು ಅಂದೆ, “ಸುಮ್ನೆ ನಿಲ್ಲಿಸಿಬಿಡು ದೊಡ್ಡಮ್ಮ. ಅವನಿಗೆ ಗೊತ್ತೂ ಆಗಲ್ಲ.”

“ಅವತ್ತು ಆ ನಾಲ್ಕು ಜನಾನೂ ಸುಮ್ನೆ ನಿಲ್ಲಿಸಬಹುದಿತ್ತು. ನನ್ನೊಬ್ಬಳ ಮಾತಿಗೆ ವರ್ಷಗಟ್ಟಲೆ ಬಂದು ತಿರುಗಿಸಿದ್ರು. ಬೈಕೊಂಡೇ.”

ಮನೆಗೆ ಬಂದವಳೇ ಹೊಸ ಸಂಚಿಕೆಗೆ ಟೈಪು ಮಾಡಿದಳು: ‘ಪತ್ರಿಕೆ ಮುಚ್ಚುವ ಸಭೆ ನಡೆಯಿತು. ಒಂದು ಕೈ ಮೇಲಿತ್ತು, ಇನ್ನೊಂದು ಜೇಬಿನಲ್ಲಿತ್ತು. ಪತ್ರಿಕೆ ಮುಂದುವರಿಯುತ್ತದೆ.’

ಆಮೇಲೆ ನೋಯುವ ಬಲಗೈಯಿಂದಲೇ ಯಂತ್ರ ತಿರುಗಿಸಲು ಹೊರಟಳು. ನನಗೆ ನೋಡಲಾಗಲಿಲ್ಲ. ಹ್ಯಾಂಡಲ್ಲಿಗೆ ಕೈ ಹಾಕಿದೆ. ಪಟ್ಟನೆ ತಳ್ಳಿದಳು.

“ಮುಟ್ಬೇಡ. ಇದನ್ನ ತಿರುಗಿಸಿದೋರೆಲ್ಲ ನಮ್ಮಲ್ಲಿ ಒಬ್ರು ಅಂತ ನಿಯಮ. ಆಮೇಲೆ ನಿನ್ನನ್ನ ಯಾರು ಬಿಡಿಸ್ತಾರೆ?”

ಯಂತ್ರದ ಆ ಬದಿಗೆ ಹೋಗಿ ನಿಂತು, ಎಡಗೈಯಲ್ಲಿ ತಿರುಗಿಸತೊಡಗಿದಳು. ಮೊದಲ ಹಾಳೆ ಸೊಟ್ಟಗೆ ಬಂತು.