ಎರಡೂ ಕೀಲಿಗಳು

ಅಕ್ಕ, ಅವತ್ತು ಶೋರೂಮಿನಲ್ಲಿ ನಾನು ನಿನಗೆ ಹೇಳಿದ್ದು ಸುಳ್ಳು. ಆಟೋಮ್ಯಾಟಿಕ್ ಗಾಡಿ ಇತ್ತು. ಹಿಂದಿನ ಅಂಗಳದಲ್ಲಿ, ನೀನು ಆಸೆಪಟ್ಟ ಅದೇ ನೀಲಿ ಬಣ್ಣದ್ದು, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ ನಿಂತಿತ್ತು. ಅದನ್ನು ಕಣ್ಣಾರೆ ಕಂಡು, ಬಾಗಿಲು ತೆಗೆದು ಒಳಗೆ ಇಣುಕಿ, ಆಮೇಲೆ ಬಂದು ನಿನ್ನ ಪಕ್ಕ ಕುಳಿತು ಹೇಳಿದೆ — "ಅದು ಆರು ತಿಂಗಳು ಸಿಗಂಗಿಲ್ಲಂತಕ್ಕ."

ಐದು ವರ್ಷ ಈ ಮಾತು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಆರಾಮಾಗಿಯೇ ಇಟ್ಟುಕೊಂಡಿದ್ದೆ ಎನ್ನಬೇಕು. ಅದೇ ಇನ್ನೂ ನಾಚಿಕೆಯ ಸಂಗತಿ.

ನಿನ್ನ ಎಡಗಾಲಿನ ಕಥೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಕೂಟಿ ಜಾರಿ ಬಿದ್ದು ಹಿಮ್ಮಡಿಯ ಮೇಲಿನ ಎಲುಬು ಮುರಿದಾಗ ಆಸ್ಪತ್ರೆಗೆ ಹೊತ್ತೊಯ್ದವನೇ ನಾನು. ಒಳಗೆ ಪ್ಲೇಟು ಹಾಕಿ ಕೂರಿಸಿದರು. ನಡೆಯಲು ಬಂತು, ಆದರೆ ಒತ್ತಿ ತುಳಿಯಲು ಬರಲಿಲ್ಲ. ಮಸ್ಕಿಯಿಂದ ಲಿಂಗಸುಗೂರಿನ ಕಡೆಯ ನಿನ್ನ ಶಾಲೆಗೆ ದಿನಾ ಬಸ್ಸು ಹತ್ತುವಾಗ ನೀನು ಮೊದಲು ಬಲಗಾಲಿಟ್ಟು, ಸರಳು ಹಿಡಿದು, ಎಡಗಾಲನ್ನು ಎಳೆದುಕೊಳ್ಳುತ್ತಿದ್ದೆ. ಒಂದು ಭಾನುವಾರ ಹಟ್ಟಿಯ ಗೆಳತಿಯ ಮನೆಗೆ ಹೋದವಳು ನಗುನಗುತ್ತ ಫೋನು ಮಾಡಿದ್ದೆ. ಗಣಿ ಕಂಪನಿ ಕ್ವಾರ್ಟರ್ಸಿನ ರಸ್ತೆಯಲ್ಲಿ ಅವಳ ಆಟೋಮ್ಯಾಟಿಕ್ ಗಾಡಿಯನ್ನು ನಾಲ್ಕು ಸುತ್ತು ಹೊಡೆಸಿದ್ದೆಯಂತೆ. "ಎಡಗಾಲಿಗೆ ಕೆಲಸಾನ ಇಲ್ಲೋ ಬಸು! ಸುಮ್ಮ ಕುಂದ್ರತೈತಿ ಪಾಪ. ನಾನೂ ಒಂದು ತಗೋತೀನಿ ನೋಡು."

ತಗೊಳ್ಳುವುದಾದರೆ ವ್ಯಾಪಾರಕ್ಕೆ ನಾನೇ ಬರಬೇಕು. ಅದು ನಮ್ಮ ಮನೆತನದ ರೂಢಿ. ಅಪ್ಪ ಎತ್ತಿನ ಸಂತೆಯಲ್ಲಿ ಹೆಗಲ ವಸ್ತ್ರದ ಕೆಳಗೆ ಕೈ ಹಾಕಿ, ಬೆರಳು ಹಿಡಿದೇ ದರ ಮುರಿಯುತ್ತಿದ್ದ. ಎತ್ತು ಬೇಕಾದವನು ಮಾತ್ರ ದೂರ ಹೋಗಿ, ಚಹಾದಂಗಡಿಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಅವನ ಕಣ್ಣಿನ ಆಸೆ ಕಂಡರೆ ದರ ಇಳಿಯುವುದಿಲ್ಲ ಎಂಬುದು ಅಪ್ಪನ ಲೆಕ್ಕ. ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟ ಮೇಲೆ ಆ ಹೆಸರು ನನಗೂ ಬಂತು. ಫ್ರಿಜ್ಜಿರಲಿ, ಬೈಕಿರಲಿ, ದರದಲ್ಲಿ ಸೋಡಿ ಬಿಡಿಸಲು ಜನ ನನ್ನನ್ನೇ ಕರೆದೊಯ್ಯುತ್ತಿದ್ದರು.

ಶೋರೂಮಿನ ಮೆಟ್ಟಿಲ ಮೇಲೆ ನಿನಗೂ ಅದನ್ನೇ ಹೇಳಿದೆ. "ಒಳಗ ನೀ ಬಾಯಿ ಬಿಡಬ್ಯಾಡ. ಯಾವ ಗಾಡಿನೂ ಮುಟ್ಟಿ ನೋಡಬ್ಯಾಡ. ನಿನಗ ಬೇಕಾಗೈತಿ ಅಂತ ಗೊತ್ತಾದ್ರ ಒಂದು ರೂಪಾಯಿನೂ ಇಳಿಸಂಗಿಲ್ಲ."

"ಆತಪಾ, ಬಾಯಿಗೆ ಬೀಗ ಹಾಕ್ಕೊಂಡೆ" ಎಂದು ನೀನು ನಕ್ಕೆ. ಸೋಫಾದಲ್ಲಿ ಕುಳಿತು, ಹೊಸ ಗಾಡಿಗಳಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ತಿರುಗಿಸಿಕೊಂಡೆ. ಚಹಾದಂಗಡಿಯ ಕಡೆ ಮುಖ ಮಾಡಿ ನಿಂತವರ ಹಾಗೆಯೇ —

ಮ್ಯಾನೇಜರ್ ಆಟೋಮ್ಯಾಟಿಕ್ಕಿನ ದರದಲ್ಲಿ ಬಿಡಿಗಾಸೂ ಇಳಿಸಲಿಲ್ಲ. ಅವನ ಕೋಣೆಯಲ್ಲಿ ಎರಡು ತಾಸು ಜಗ್ಗಾಡಿದೆ. ಕೊನೆಗೆ ಅವನು, "ಗೇರ್ ಗಾಡಿ ತಗೋರಿ ಅಣ್ಣಾರ, ಅದರಾಗ ನಲವತ್ತು ಸಾವಿರ ಬಿಡ್ತೀನಿ. ಸೀಟ್ ಕವರು, ಮ್ಯಾಟು ಎಲ್ಲಾ ಫ್ರೀ" ಎಂದ. ಬರಿಗೈಲಿ ಹೊರಗೆ ಬಂದರೆ ನನ್ನ ಹೆಸರೇನಾಗಬೇಕು? ಅದಕ್ಕೇ ಸುಳ್ಳು ಹೇಳಿದೆ — ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಸಣ್ಣ ಜಂಬದ ತಪ್ಪು, ದೊಡ್ಡದೇನಲ್ಲ ಎಂದು.

ಅದೂ ಪೂರ್ತಿ ಖರೆ ಅಲ್ಲ. ನಿನಗೆ ಆ ಸುಳ್ಳು ಹೇಳುವ ಮೊದಲು, ಓಡಿಸಿ ನೋಡಲೆಂದು ಗೇರ್ ಗಾಡಿಯನ್ನು ತುರ್ವಿಹಾಳ ರಸ್ತೆಗೆ ಒಯ್ದಿದ್ದೆ. ಎರಡೂ ಕಡೆ ನಾಟಿಯಾದ ಗದ್ದೆ, ಕಾಲುವೆಯಲ್ಲಿ ತುಂಬು ನೀರು. ಮೂರರಿಂದ ನಾಲ್ಕನೇ ಗೇರಿಗೆ ಹಾಕಿದಾಗ ಗಾಡಿ ಬೆಣ್ಣೆಯ ಹಾಗೆ ಮುಂದೆ ಸರಿಯಿತು. ಆಗ ನನಗೆ ಬಂದ ಯೋಚನೆ — ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ಇದನ್ನೇ ತಗೊಂಡರೆ ಅಕ್ಕನಿಗೆ ಓಡಿಸಲು ಆಗುವುದಿಲ್ಲ. ಆಗದಿದ್ದರೆ ಗಾಡಿ ನಮ್ಮ ಮನೆ ಮುಂದೆ ನಿಲ್ಲುತ್ತದೆ.

ಸುಳ್ಳು ಹೇಳಿದ ಮೇಲೆ ಅದಕ್ಕೆ ಊರುಗೋಲುಗಳನ್ನೂ ಕೊಟ್ಟೆ. ಆಟೋಮ್ಯಾಟಿಕ್ ಕೆಟ್ಟರೆ ಸಿಂಧನೂರಿನಲ್ಲಿ ರಿಪೇರಿ ಮಾಡುವವರಿಲ್ಲ ಎಂದೆ. ನಿನ್ನ ಓಣಿಯೊಳಗೆ ಗಾಡಿ ಹೋಗುವುದಿಲ್ಲ, ನಮ್ಮ ಮನೆ ಮುಂದೆ ಇರಲಿ ಎಂದೆ. "ನಾ ಅದೀನಲ್ಲಕ್ಕ, ಎಲ್ಲಿಗೆ ಅಂತಿ ಅಲ್ಲಿಗೆ ಕರ್ಕೊಂಡು ಹೊಕ್ಕೀನಿ" ಎಂದೆ. ಅಷ್ಟರಲ್ಲಿ ಫಾರಂ ಹಿಡಿದುಕೊಂಡು ಬಂದ ಹುಡುಗಿ ನಿನ್ನನ್ನೇ ಕೇಳಿದಳು: "ಮೇಡಂ, ಫೋನಿನಾಗ ಆಟೋಮ್ಯಾಟಿಕ್ ಬೇಕಂದಿದ್ರಲ್ರೀ?"

ನೀನು ಒಂದು ಮಾತು ಆಡಿದ್ದರೆ ಸಾಕಿತ್ತು, ಆ ಹುಡುಗಿ ಇದ್ದದ್ದನ್ನು ಹೇಳಿಬಿಡುತ್ತಿದ್ದಳು. ನೀನು ನನ್ನ ಮುಖ ನೋಡಿದೆ. ಮೆಟ್ಟಿಲ ಮೇಲೆ ಕೊಟ್ಟ ಮಾತು ನೆನಪಾಗಿರಬೇಕು. "ತಮ್ಮ ಅದಾನ, ಅವನ್ನ ಕೇಳವಾ" ಎಂದೆ.

ಆಮೇಲಿನದು ನಿನಗೆ ಗೊತ್ತೇ ಇದೆ, ಆದರೂ ಗೊತ್ತಿಲ್ಲ. ದುಡ್ಡು ನಿನ್ನದು, ಕಾಗದದಲ್ಲಿ ಹೆಸರು ನಿನ್ನದು, ಗಾಡಿಯ ಎರಡೂ ಕೀಲಿಗಳು ನನ್ನ ಮನೆಯ ಮೊಳೆಗೆ. ಮದುವೆಗೆ, ಆಸ್ಪತ್ರೆಗೆ, ನನ್ನ ಹೆಂಡತಿಯ ತವರಿಗೆ ಅದರಲ್ಲೇ ಓಡಾಡಿದೆವು. ನೀನು ಮಸ್ಕಿಯಿಂದ ಫೋನು ಮಾಡಿ ಅಳುಕುತ್ತ ಕೇಳುತ್ತಿದ್ದೆ — "ಬಸು, ಈ ಐತವಾರ ಗಾಡಿ ಖಾಲಿ ಐತೇನೋ?" ನಿನ್ನದೇ ಗಾಡಿ, ಅಕ್ಕ. ಎಷ್ಟೋ ಸಲ ಖಾಲಿ ಇಲ್ಲ ಎಂದಿದ್ದೇನೆ.

ಎರಡು ವರ್ಷದ ಹಿಂದೆ ನಿನಗೆ ಮುಖ್ಯ ಶಿಕ್ಷಕಿಯ ಬಡ್ತಿ ಬಂತು. ದಢೇಸುಗೂರಿನ ಕಡೆಯ ಶಾಲೆ. ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕು. ನೀನು ಒಲ್ಲೆನೆಂದು ಬರೆದುಕೊಟ್ಟು ಬಂದು ನನಗೆ ಹೇಳಿದೆ: "ಗಾಡಿ ಓಡಸಾಕ ಬಂದಿದ್ರ ಹೋಗ್ತಿದ್ದೆ. ದಿನಾ ನಿನಗ ತ್ರಾಸು ಕೊಡಾಕ ಆಗತೈತೇನು?"

ಇಪ್ಪತ್ತಾರು ವರ್ಷ ಪಾಠ ಹೇಳಿದವಳು ನೀನು. ಆ ಕುರ್ಚಿಗಾಗಿ ಎಷ್ಟು ಕಾದಿದ್ದೆ ಎಂದು ಬಲ್ಲೆ. ಅವತ್ತಾದರೂ ಬಾಯಿ ಬಿಡಬಹುದಿತ್ತು. "ಚಲೋ ಮಾಡಿದಿ ಬಿಡಕ್ಕ" ಎಂದುಬಿಟ್ಟೆ. ಶೋರೂಮಿನ ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ತಿನ್ನುತ್ತದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ವರ್ಷದ ಪಂಚಮಿಗೆ ನಮ್ಮ ಮನೆಗೆ ಬಂದಿದ್ದೆಯಲ್ಲ, ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ನೀನು ಗಾಡಿಯೊಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತಿದ್ದೆ. ಬಂದ್ ಗಾಡಿ. ಕೈ ಸ್ಟಿಯರಿಂಗ್ ಮೇಲೆ. ಎಡಗಾಲಿನಿಂದ ಕ್ಲಚ್ ತುಳಿಯುತ್ತಿದ್ದೆ. ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ಮುಖ ಕಿವುಚಿ ಕೊನೆಗೆ ಬಿಟ್ಟೆ. ಕಿಟಕಿಯಿಂದ ನೋಡಿದೆ ನಾನು. ನೋಡಿ ಪರದೆ ಎಳೆದುಕೊಂಡೆ.

ಹೋದ ವಾರ ನನ್ನ ಮಗಳಿಗೆ ನೀನು ಹೇಳುತ್ತಿದ್ದುದು ಕೇಳಿಸಿತು: "ನಿಮ್ಮಪ್ಪ ಇದ್ದಿದ್ದಕ್ಕ ಅಷ್ಟು ಸೋಡಿ ಸಿಕ್ತವಾ. ನಾ ಒಬ್ಬಾಕಿನ ಹೋಗಿದ್ರ ಮೋಸ ಮಾಡ್ತಿದ್ರು." ಮೋಸ ಮಾಡಿದವನು ಶೋರೂಮಿನವನಲ್ಲ, ಅಕ್ಕ.

ಈಗ ನೀನು ಶಾಲೆಯಲ್ಲಿದ್ದೀಯ. ಮಸ್ಕಿಯಲ್ಲಿ, ನಿನ್ನ ಬಾಗಿಲ ಮುಂದೆ, ಗಾಡಿಯೊಳಗೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನನಗೆ ಗೊತ್ತು. ಎರಡೂ ಕೀಲಿಗಳನ್ನು ಈ ಕಾಗದದ ಜೊತೆ ನಿನ್ನ ಮನೆಯ ಮಾಲಕಿಯ ಕೈಯಲ್ಲಿ ಕೊಟ್ಟು ಬಸ್ಸಿಗೆ ಹೋಗುತ್ತೇನೆ. ಈ ಗಾಡಿ ಕೊಟ್ಟು ನಿನಗೆ ಬೇಕಾದದ್ದನ್ನು ತಗೋ. ಮೇಲೆ ಬೀಳುವ ದುಡ್ಡು ನನ್ನದು. ವ್ಯಾಪಾರಕ್ಕೆ ನನ್ನನ್ನು ಕರೆಯಬೇಡ. ಅವರು ಸೋಡಿ ಬಿಡದಿದ್ದರೆ ಬೇಡ. ಎಲ್ಲ ಗಾಡಿಗಳನ್ನೂ ಮುಟ್ಟಿ ನೋಡು, ಬಾಯಿಬಿಟ್ಟು ಕೇಳು.

ಓಣಿ ಸಣ್ಣದು ಎಂದಿದ್ದೆನಲ್ಲ — ಇಲ್ಲ ಅಕ್ಕ. ಇವತ್ತೇ ಮೊದಲ ಸಲ ಒಳಗೆ ತಂದು ನೋಡಿದೆ. ಗಾಡಿ ನಿನ್ನ ಬಾಗಿಲ ತನಕ ಬಂತು, ಪಕ್ಕದಲ್ಲಿ ಒಂದು ಎಮ್ಮೆ ಹಾದುಹೋಗುವಷ್ಟು ಜಾಗ ಇನ್ನೂ ಉಳಿದಿದೆ.