ಹಡಗು ಹತ್ತಿದ ಓಬಯ್ಯನೂ ಒಂದು ಲೆಗ್ ಪೀಸೂ

ಕಳೆದ ಭಾನುವಾರ ಮಧ್ಯಾಹ್ನ ಚಳ್ಳಕೆರೆಯ ಹೋಟೆಲೊಂದರಲ್ಲಿ ನನ್ನ ಕೈಯಲ್ಲಿ ಬಿರಿಯಾನಿಯ ಲೆಗ್ ಪೀಸ್ ಇತ್ತು. ಎದುರು ಕೂತಿದ್ದ ಹೆಂಗಸು ಒಂದು ಮಾತು ಹೇಳಿದರು. ಲೆಗ್ ಪೀಸ್ ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ.

ಏನಂದರು? ಮೊದಲು ಅವರು ಯಾರು ಅಂತ ಹೇಳಬೇಕು.

ಹೆಸರು ಸರೋಜಾ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ರಿಟೈರ್ಡ್ ನರ್ಸ್. ಅವರ ಮುತ್ತಜ್ಜ ಸಾವಿರದ ಒಂಬೈನೂರರ ಆಚೀಚೆ ಮದರಾಸಿನಲ್ಲಿ ಹಡಗು ಹತ್ತಿ, ಅಲ್ಲಿನ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಯಾಗಿ ಹೋದವನು. ಹಡಗು ಹತ್ತಿದ ಒಬ್ಬೊಬ್ಬರ ವಿವರವನ್ನೂ ಬ್ರಿಟಿಷರು ಬರೆದಿಟ್ಟಿದ್ದರು. ಅದರ ಫೋಟೊವನ್ನು ಸರೋಜಾ ನನಗೆ ಕಳಿಸಿದ್ದರು. ಹೆಸರು ಓಬಯ್ಯ. ತಂದೆ ಬೋರಯ್ಯ. ತಾಲ್ಲೂಕು ಮೊಳಕಾಲ್ಮೂರು. ಊರಿನ ಹೆಸರಿನ ಮೇಲೆ ಮಾತ್ರ ಇಂಕು ಚೆಲ್ಲಿದೆ. (ಸರ್ಕಾರಿ ಇಂಕು ಯಾವ ಕಾಲದಲ್ಲೂ ಬೇಕಾದ ಜಾಗದ ಮೇಲೆಯೇ ಚೆಲ್ಲುತ್ತದೆ.)

ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ "ಓಬಯ್ಯಾ" ಎಂದು ಕೂಗಿ ನೋಡಿ. ಅರ್ಧ ಬಸ್ಸು ತಿರುಗುತ್ತದೆ. "ಬೋರಯ್ಯಾ" ಎಂದರೆ ಉಳಿದರ್ಧ. ಇದು ಸಾಕ್ಷಿಯೇ?

ಆದರೆ ತಪ್ಪು ನನ್ನದೂ ಇತ್ತು. ನಮ್ಮ ಮುತ್ತಜ್ಜನ ತಮ್ಮ ಓಬಯ್ಯ ಹಡಗು ಹತ್ತಿ ಮಾಯವಾದ ಕಥೆಯನ್ನು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ, ನಿಮಗೆ ನೆನಪಿರಬಹುದು. ಯಾರೋ ಪುಣ್ಯಾತ್ಮರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಡರ್ಬನ್ನಿಗೆ ದಾಟಿಸಿದ್ದರು. ಅಜ್ಜಿ ಹೇಳಿದ್ದು ಎಂದು ಬರೆದಿದ್ದೆ. ಈಗ ಅನುಮಾನ. ಅಜ್ಜಿ ಹೇಳಿದರೇ? ಅಥವಾ ಯೂನಿವರ್ಸಿಟಿಯಲ್ಲಿ ಎಲ್ಲೋ ಓದಿದ್ದನ್ನು ನಾನೇ ಅಜ್ಜಿಯ ಬಾಯಿಗೆ ತುರುಕಿದೆನೇ?

ರಾಂಪುರದ ಹತ್ತಿರ ಇರುವ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಹಡಗೂ ಇಲ್ಲ ಗಿಡಗೂ ಇಲ್ಲ ಕಣಲೇ. ಬಳ್ಳಾರಿಗೆ ಹೋಗ್ತೀನಿ ಅಂದೋನು ವಾಪಸ್ ಬರ್ಲಿಲ್ಲ. ಅವ್ವ ಹೇಳಿದ್ದು ಅಷ್ಟೇ. ಹಡಗು ನೀನು ತಂದಿದ್ದು."

ಅಷ್ಟರಲ್ಲಿ ಸರೋಜಾ ವಿಮಾನ ಹತ್ತಿಯಾಗಿತ್ತು. ಮುತ್ತಜ್ಜನ ಹೆಸರಿಗೆ ಅವನ ಮನೆಯಲ್ಲೇ ಒಂದು ಎಡೆ ಇಡಬೇಕೆಂಬುದು ಅವರ ಆಸೆ. "ಆದರೆ ಪಕ್ಕಾ ಆಗಬೇಕು. ಯಾರದೋ ಮನೆಗೆ ಹೋಗಿ ಯಾರದೋ ಓಬಯ್ಯನಿಗೆ ಅಳುವ ವಯಸ್ಸಲ್ಲ ನನ್ನದು" ಎಂದಿದ್ದರು ಇಂಗ್ಲಿಷಿನಲ್ಲಿ.

ನನ್ನ ನೆನಪನ್ನು ನಂಬಬೇಡಿ ಎಂದು ಅವರಿಗೆ ಹೇಳಲೇಬೇಕಿತ್ತು. ಕೆಟ್ಟ ಸುದ್ದಿಗೆ ಮೊದಲು ಊಟವಾದರೂ ಚೆನ್ನಾಗಿರಲಿ ಎಂದು ಚಳ್ಳಕೆರೆಯಲ್ಲಿ ಕಾರು ನಿಲ್ಲಿಸಿ ಎರಡು ಚಿಕನ್ ಬಿರಿಯಾನಿ ಹೇಳಿದೆ.

ಸರೋಜಾ ತಟ್ಟೆ ಪಕ್ಕಕ್ಕೆ ಸರಿಸಿದರು. "ಮಟನ್ ಇದ್ದರೆ ಕೊಡಿಸಿ. ನಮ್ಮ ಮನೆಯಲ್ಲಿ ಕೋಳಿ ತಿನ್ನುವುದಿಲ್ಲ. ಸಾಕುವುದೂ ಇಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ನಾನು ಮ್ಯಾಸನಾಯಕರ ಮನೆಯವನು. ನಮ್ಮ ಕುಲದಲ್ಲಿ ಕುರಿಗೆ ಅಡ್ಡಿಯಿಲ್ಲ. ಕೋಳಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. (ಹೋಟೆಲಿಗೆ ಹೊಸ್ತಿಲಿಲ್ಲ ಎಂಬುದು ನನ್ನ ವಾದ. ಲೆಗ್ ಪೀಸ್ ಕೊನೆಗೆ ಬಾಯಿಗೇ ಹೋಯಿತು.)

ಇಂಕು ಮುಚ್ಚಿದ್ದನ್ನು ಬಿರಿಯಾನಿ ಓದಿ ಹೇಳಿತ್ತು. ಕೆಟ್ಟ ಸುದ್ದಿ ಹೇಳುವ ಕೆಲಸ ತಪ್ಪಿತು. ಆದರೂ ಓದಿದ ಬುದ್ಧಿ ಸುಮ್ಮನಿರುತ್ತದೆಯೇ? ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ವಾದ ಶುರು ಮಾಡಿದೆ.

"ನೋಡು ದೊಡ್ಡಪ್ಪ, ಕೋಳಿ ಬಿಟ್ಟವರು ಈ ಸೀಮೇಲಿ ಊರೂರಿಗೂ ಅದಾರೆ. ನಮ್ಮ ಜನ ಅನ್ನಬೋದು. ನಮ್ಮ ಮನೆಯೋರೇ ಅಂತ ಹೆಂಗೆ ಹೇಳೋದು?"

"ಕೋಳಿ ವಿಷ್ಯ ಎಲ್ಲಿ ಬಂತಲೇ?"

"ಊಟದ ಹೊತ್ತಿನಲ್ಲಿ ಹಂಗೇ ಮಾತು ಬಂತು."

ಸರೋಜಾ ಅವರಿಗೆ ಕನ್ನಡ ಬಾರದು. 'ಕೋಳಿ' ಮಾತ್ರ ಹೇಗೋ ಅರ್ಥವಾಯಿತು. ಎರಡೂ ಮೊಣಕೈಗಳನ್ನು ರೆಕ್ಕೆಯಂತೆ ಆಡಿಸಿ, ಬೇಡ ಎಂದು ತಲೆಯಾಡಿಸಿದರು. ಮತ್ತೆ ರೆಕ್ಕೆ ಆಡಿಸಿ, ನನ್ನ ಕಡೆ ಬೆರಳು ತೋರಿಸಿ, ಕಚ್ಚಿ ಎಳೆಯುವಂತೆ ಅಭಿನಯಿಸಿದರು. ಅನುವಾದ ಬೇಕಾಗಲಿಲ್ಲ.

ದೊಡ್ಡಪ್ಪ ನನ್ನನ್ನು ನೋಡಲೇ ಇಲ್ಲ. ಎದ್ದು ಸರೋಜಾ ಅವರ ಮುಂದೆ ನಿಂತರು.

"ನಮ್ಮ ಓಬಯ್ಯಗೆ ಇಲ್ಲೀತನಕ ಯಾರೂ ಎಡೆ ಇಟ್ಟಿಲ್ಲ ಕಣವ್ವ. ಸತ್ನೋ, ಬದುಕ್ಯಾನೋ ಅಂತ ಕಾಯ್ತಾ ಕಾಯ್ತಾ ಎಲ್ರೂ ಹೋದ್ರು. ಸುದ್ದಿ ನೀನು ತಂದೀಯ. ನೀನೇ ಇಡು ಬಾ."

ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಸರೋಜಾ ಅಳುತ್ತಿದ್ದರು. ಪಕ್ಕಾ ಆಯಿತೇ ಎಂದು ಕೇಳಲಿಲ್ಲ. ದೊಡ್ಡಮ್ಮ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೊರಟೆ.

ದೊಡ್ಡಪ್ಪ ಹೊಸ್ತಿಲಿಗೆ ಅಡ್ಡ ನಿಂತರು.

"ಆಯವ್ವ ನಮ್ಮಾಕೇನೇ ಬಿಡು. ನೀನು ಯಾವ ಹಡಗಲ್ಲಿ ಬಂದೋನು, ಅದನ್ನ ಹುಡುಕಲೇ ಮೊದ್ಲು."